ಕುಡಿಯಲು ಅಲ್ಲ ಎಂದು ಬರೆಸಿಕೊಂಡ ಬೋರಿಂಗು

ನಾನು ಒಂದು ಕೈಪಂಪು. ಡಿಪೋ ಓಣಿಯ ಮಂದಿ ನನ್ನನ್ನು ಬೋರಿಂಗು ಎಂದೇ ಕರೆಯುವುದು. ದೂರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕೊಯ್ದು, ಬೆಸುಗೆ ಹಾಕಿ, ಕಾದ ಸತುವಿನಲ್ಲಿ ಅದ್ದಿ ನನ್ನನ್ನು ಮಾಡಿದರು. ಪುರಸಭೆಯವರು ನೂರಾ ಅರವತ್ತು ಅಡಿ ಕೊರೆದು ನನ್ನನ್ನು ಇಲ್ಲಿ ನಿಲ್ಲಿಸಿದಾಗ ಸಿಹಿ ನೀರು ಬಂತು. ಹೆಂಗಸರು ಕುಂಕುಮ ಹಚ್ಚಿ ಕಾಯಿ ಒಡೆದರು. ಸುಳ್ಳೇಕೆ, ಅವತ್ತಿನಿಂದ ನನಗೆ ಸ್ವಲ್ಪ ಸೊಕ್ಕೂ ಬಂತು.

ನನ್ನ ಎದುರಿನ ಮನೆ ಫಕೀರವ್ವನದು. ಗಂಡನಿಲ್ಲದ ಹೆಂಗಸು, ರೊಟ್ಟಿ ಬಡಿದು ಮಾರಿ ಮಗಳು ಕಸ್ತೂರಿಯನ್ನು ಸಾಕಿದವಳು. ದಿನದ ಮೊದಲ ಕೊಡ ಯಾವತ್ತೂ ಅವಳದೇ. ನನ್ನ ಹಿಂದೆ, ಗೋಡೆಯಾಚೆ, ಒಂದು ಕಂಪನಿಯ ಡೀಸೆಲ್ ಡಿಪೋ. ಅದರ ಟ್ಯಾಂಕು ನೆಲದೊಳಗೆ ಎಷ್ಟು ವರ್ಷದಿಂದ ಸೋರುತ್ತಿತ್ತೋ ಏನೋ. ಒಂದು ಬೇಸಿಗೆಯಲ್ಲಿ ನನ್ನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲಿತು, ಎಣ್ಣೆಯ ವಾಸನೆ ಹೊಡೆಯಿತು. ಕೆರೆಯ ನೀರು ನಳದಲ್ಲಿ ಬರುವುದು ಹನ್ನೆರಡು ದಿನಕ್ಕೊಮ್ಮೆ, ಅದೂ ಮನೆಗೆ ನಾಲ್ಕು ಕೊಡ. ಉಳಿದ ದಿನ ಜನ ಮೂಗು ಮುಚ್ಚಿಕೊಂಡು ನನ್ನ ನೀರನ್ನೇ ಕುಡಿದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಅರ್ಜಿಗಳು ಹೋದವು. ಡಿಪೋ ಮುಚ್ಚಿತು. ನೆಲದೊಳಗಿನ ಎಣ್ಣೆ ಎಳೆದು ನೀರು ಶುದ್ಧ ಮಾಡುವ ಯಂತ್ರವೊಂದನ್ನು ಕಂಪನಿ ತಂದು ನಿಲ್ಲಿಸಿತು. ಅದು ಓಡಿದಂತೆಲ್ಲ ನನ್ನ ಮೈ ತುಸು ಹಗುರಾಯಿತು. ಆದರೆ ಎಷ್ಟು ಶುದ್ಧವಾದರೆ ಸಾಕು? ಅದನ್ನು ನಿಗದಿ ಮಾಡಲು ಮಾಲಿನ್ಯ ನಿಯಂತ್ರಣ ಕಚೇರಿಯ ಮುಳಗುಂದ ಸಾಹೇಬರು ಬಂದರು. ಜನ ಕುಡಿಯುವ ನೀರಾದರೆ ಬಿಗಿಯಾದ ಮಿತಿ, ಅಲ್ಲಿಗೆ ಮುಟ್ಟುವವರೆಗೆ ಯಂತ್ರ ನಿಲ್ಲಿಸುವಂತಿಲ್ಲ. ಬರೀ ಬಟ್ಟೆ ಒಗೆಯುವ ನೀರಾದರೆ ಮಿತಿ ಎಷ್ಟೋ ಪಟ್ಟು ಸಡಿಲ. ನನ್ನ ಕಟ್ಟೆಯ ಮೇಲೆ ಕೂತು ಅವರು ಜೊತೆಯವರಿಗೆ ಹೀಗೆಂದು ವಿವರಿಸಿದ್ದನ್ನು ನಾನೇ ಕೇಳಿದ್ದೇನೆ. ಓಣಿಯ ಹೆಂಗಸರು ಕೇಳಲಿಲ್ಲ.

ಅವತ್ತೇ ಕಸ್ತೂರಿಯನ್ನು ನೋಡಲು ಗಂಡಿನ ಕಡೆಯವರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಸಾಹೇಬರು ಬಾಗಿಲಿಗೇ ಬಂದು ಫಕೀರವ್ವನನ್ನು ಕೇಳಿದರು.

"ಏನವ್ವಾ, ಈ ಬೋರಿಂಗಿನ ನೀರು ಕುಡೀತೀರೇನು?"

ಅವಳು ಒಮ್ಮೆ ಒಳಗೆ ತಿರುಗಿ ನೋಡಿದಳು. "ಥೂ, ಇದನ್ನ ಯಾರು ಕುಡೀತಾರ್ರೀ ಸಾಹೇಬ್ರ! ನಾವೇನು ಗತಿ ಇಲ್ಲದ ಮಂದಿ ಏನ್ರೀ? ಬಟ್ಟಿ ಒಗ್ಯಾಕ, ಬಾಂಡೆ ತಿಕ್ಕಾಕ, ಅಷ್ಟ. ಕುಡ್ಯಾಕ ನಾವು ಕೆರಿ ನೀರು ತರಸ್ತೀವ್ರಿ."

ಆ ಹೊತ್ತಿಗೆ ಬೀಗರು ಹೀರುತ್ತಿದ್ದ ಚಹಾ ನನ್ನ ನೀರಿನದೇ! ಶುಂಠಿ, ಏಲಕ್ಕಿ ಜಜ್ಜಿ ಹಾಕಿ ವಾಸನೆ ಅಡಗಿಸಿದ್ದಳು ಅಷ್ಟೇ. ಎಣ್ಣೆ ನೀರು ಕುಡಿದು ಬೆಳೆದ ಹುಡುಗಿ ಎಂದರೆ ಯಾರು ಒಪ್ಪುತ್ತಾರೆ? ಅವಳನ್ನು ಕಂಡು ಅಕ್ಕಪಕ್ಕದವರೂ ತಾವೇನು ಕಡಿಮೆ ಎಂದು, "ನಮ್ಮ ಮನ್ಯಾಗೂ ಕುಡ್ಯಂಗಿಲ್ರೀ" ಎಂದರು. ಹನ್ನೊಂದು ಮನೆಯವರೂ ಹಾಗೆಂದೇ ಸಹಿ ಹಾಕಿದರು. ನನಗೆ ಬಾಯಿದೆ, ಮಾತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಡಿಲ ಮಿತಿಯೇ ನಿಗದಿಯಾಯಿತು. ನನ್ನ ನೀರು ಆಗಲೇ ಅದರೊಳಗಿತ್ತು. ಯಂತ್ರ ಲಾರಿ ಹತ್ತಿ ಹೋಯಿತು. ನನಗೆ ಕೆಂಪು ಬಣ್ಣ ಬಳಿದು "ಕುಡಿಯಲು ಅಲ್ಲ" ಎಂದು ಬರೆದರು.

ಕಸ್ತೂರಿಯ ಮದುವೆಯಾಯಿತು. ಮರುವರ್ಷ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಬಂದ ದಿನ ಅವಳು ನನ್ನ ನೀರಿನ ಮೊದಲ ಗುಟುಕು ಕುಡಿದು ವಾಂತಿ ಮಾಡಿಕೊಂಡಾಗ ಫಕೀರವ್ವನ ಜೀವ ಹಾರಿದಂತಾಯಿತು. ಕಚೇರಿಗೆ ಮೂರು ಸಲ ಅಲೆದು ಸಾಹೇಬರನ್ನು ಕರೆತಂದಳು.

"ಅವತ್ತು ನಾ ಸುಳ್ಳು ಹೇಳೀನ್ರೀ ಸಾಹೇಬ್ರ. ಬೀಗರ ಮುಂದ ಮಾನಕ್ಕ ಅಂಜಿ ಹೇಳೀನಿ. ನಾವು ಕುಡಿಯೋದು ಇದನ್ನ. ಬರಕೊಳ್ರೀ."

"ಆದೇಶ ಆಗೇತವ್ವಾ. ಹನ್ನೊಂದು ಮನಿ ಸಹಿ ಐತಿ. ಈಗ ನಾನೊಬ್ಬ ಬರದರ ಏನೂ ಆಗಂಗಿಲ್ಲ."

ಅವಳು ನನ್ನ ಹಿಡಿಕೆ ಒತ್ತಿ ತಂಬಿಗೆ ತುಂಬಿಸಿ, ಅವರ ಕಣ್ಣೆದುರೇ ಗಟಗಟ ಕುಡಿಯತೊಡಗಿದಳು. ಬೇಡ ಬೇಡ ಎಂದು ನಾನು ಒಳಗೊಳಗೇ ಒದ್ದಾಡಿದೆ.

"ಬ್ಯಾಡವ್ವಾ, ಕುಡೀಬ್ಯಾಡ!" ಸಾಹೇಬರು ಅವಳ ಕೈ ಹಿಡಿದರು.

"ಹಂಗಾರ ಬರೀರಿ."

ಅವರು ಕೆಟ್ಟವರಲ್ಲ, ಕಣ್ಣು ತುಂಬಿಕೊಂಡರು. ಆದರೆ ಬರೆಯಲಿಲ್ಲ. ಮತ್ತೊಂದು ಅರ್ಜಿ ಕೊಡು ಎಂದು ಹೇಳಿ ಹೋದರು. ಆ ಅರ್ಜಿಗೆ ಇನ್ನೂ ಉತ್ತರವಿಲ್ಲ.

ಕಸ್ತೂರಿಗೆ ಹೆಣ್ಣು ಮಗು ಹುಟ್ಟಿ ಒಂಬತ್ತು ದಿನವಾಯಿತು. ಬಾಣಂತಿಗೆ ಅಜಿವಾನ, ಅದೇ ಓಮ, ಹಾಕಿ ಕುದಿಸಿದ ನೀರು ಕೊಡಬೇಕು. ಫಕೀರವ್ವ ಒಂದು ಕೊಡ ನೀರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸುತ್ತಾಳೆ, ಕುದಿಸಿದರೆ ಎಲ್ಲ ಹೋಗುತ್ತದೆ ಎಂದು ನಂಬಿದ್ದಾಳೆ. ವಾಸನೆ ಹೋಗಬಹುದು. ಏನು ಉಳಿಯುತ್ತದೋ ನನಗೂ ಗೊತ್ತಿಲ್ಲ.

ನನಗೆ ವಯಸ್ಸಾಯಿತು. ಸರಪಳಿ ಸವೆದಿದೆ, ಬುಡ ತುಕ್ಕು ಹಿಡಿದಿದೆ. ಮುರಿದು ಬಿದ್ದರೆ ಒಳ್ಳೆಯದಿತ್ತು ಎಂದು ದಿನಾ ಬೇಡಿಕೊಳ್ಳುತ್ತೇನೆ. ಮುರಿದರೆ ಅವರು ಏನು ಕುಡಿಯುತ್ತಾರೆ ಎಂದು ಮರುಕ್ಷಣವೇ ಹೆದರುತ್ತೇನೆ.

ಇವತ್ತು ಬೆಳಿಗ್ಗೆಯೂ ಫಕೀರವ್ವ ಬಂದಳು. ಕೊಡ ಇಟ್ಟು, ಹಿಡಿಕೆಗೆ ಹಣೆ ಹಚ್ಚಿ, "ನಮ್ಮವ್ವಾ, ಕೂಸಿನ ಸಲುವಾಗಿ ಇವತ್ತಾದ್ರೂ ಚೊಲೋ ನೀರು ಕೊಡು" ಎಂದಳು.

ನಾನು ಇದ್ದದ್ದನ್ನೇ ಕೊಟ್ಟೆ.