ದಾರ ಪೋಣಿಸುವ ಕಣ್ಣು

ಬೀದಿಯವರ ಬಾಯಲ್ಲಿ ಆಕೆ ಟೈಲರಮ್ಮ. ಬಂದೂಕಿನ ಶೂಟಿಂಗ್ ಕ್ಲಬ್ಬಿನವರಿಗೆ ಹೊಲಿದ ಕೋಟುಗಳನ್ನು ಕೊಡಲು ಹೋದವಳು ಗುರಿಹಾಳೆಯ ಕಪ್ಪು ಚುಕ್ಕಿ ನೋಡುತ್ತ ಅಲ್ಲೇ ನಿಂತುಬಿಟ್ಟಳು. ಹತ್ತು ಮೀಟರ್ ದೂರದಿಂದ ಅಷ್ಟು ಚಿಕ್ಕದಕ್ಕೆ ಹೊಡೆಯುವುದಾದರೂ ಹೇಗೆ? ಆ ಪ್ರಶ್ನೆ ತಲೆಯೊಳಗೆ ಹುಳದಂತೆ ಕೊರೆಯತೊಡಗಿತು. ನಲವತ್ತೆಂಟರ ವಯಸ್ಸಿನಲ್ಲಿ ಹೆಸರು ಬರೆಸಿಯೇ ಮನೆಗೆ ಬಂದಳು.

ಕ್ಲಬ್ಬಿನ ಏರ್ ರೈಫಲ್ ಸಿಗುತ್ತಿದ್ದುದು ಭಾನುವಾರ ಮಾತ್ರ. ಸ್ವಂತದ್ದು ಕೊಳ್ಳುವುದು ಕೈಗೆಟುಕದ ಮಾತು. ಮುಕ್ಕಾಲು ಪಾಲು ಅಭ್ಯಾಸ ಗುಂಡಿಲ್ಲದೆಯೇ ಆಗುತ್ತದೆ, ಗೋಡೆಯ ಮೇಲೊಂದು ಚುಕ್ಕಿ ಸಾಕು ಎಂದ ಕೋಚ್. ಬಡಗಿಯಾಗಿದ್ದ ಅಣ್ಣ ಅದೇ ತೂಕದ ಮರದ ಬಂದೂಕೊಂದನ್ನು ಕೆತ್ತಿಕೊಟ್ಟ. ದಿನವೂ ಅಂಗಡಿ ತೆರೆಯುವ ಮುನ್ನ ಅದರ ತುದಿಯಲ್ಲಿ ನಾಣ್ಯವಿಟ್ಟು, ಅದು ಬೀಳದಂತೆ ಚುಕ್ಕಿಗೆ ಗುರಿ ಹಿಡಿದು ನಿಲ್ಲುವಳು. ಗಂಡ ಆ ಗೋಡೆಯ ಮುಂದೆ ಹಾಯುವಾಗಲೆಲ್ಲ ಎರಡೂ ಕೈ ಮೇಲೆತ್ತಿಕೊಂಡೇ ಹೋಗುತ್ತಿದ್ದ.

ತಿಂಗಳೊಳಗೆ ನಾಣ್ಯ ಬೀಳುವುದು ನಿಂತಿತು. ಆದರೂ ಭಾನುವಾರ ಗುಂಡುಗಳು ಮಾತ್ರ ಹಾಳೆಯ ತುಂಬ ದಿಕ್ಕಾಪಾಲು. ಕೈ ನಡುಗುತ್ತಿಲ್ಲ, ಉಸಿರು ತಪ್ಪುತ್ತಿಲ್ಲ. ಮತ್ತೆ ಎಡವಟ್ಟೆಲ್ಲಿ? ಕೋಚ್‌ಗೂ ಬಗೆಹರಿಯಲಿಲ್ಲ. ಟೈಲರಮ್ಮನಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಯಿತು. ಹಾಳೆಗಳನ್ನು ಮನೆಗೆ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, ಟೇಪು ಹಿಡಿದು ಒಂದೊಂದೇ ತೂತು ಅಳೆದಳು. ಲೆಕ್ಕಕ್ಕೆ ಸಿಗಲಿಲ್ಲ.

ಒಂದು ಬೆಳಿಗ್ಗೆ ಬಟಾಣಿ ಸುಲಿಯುತ್ತ ಕುಳಿತಿದ್ದ ಅತ್ತೆ, ಗುರಿ ಹಿಡಿದು ನಿಂತಿದ್ದ ಸೊಸೆಯ ಮುಖವನ್ನೇ ನೋಡುತ್ತಿದ್ದರು.

"ನಿನ್ನ ಎಡಗಣ್ಣು ಮುಚ್ಚಿಕೊಂಡೇ ಇರಲ್ಲ, ಪಟಪಟ ಅಂತಿರುತ್ತೆ. ಸೂಜಿಗೆ ದಾರ ಪೋಣಿಸುವಾಗ ನೀನು ಮುಚ್ಚೋದು ಬಲಗಣ್ಣು ಅಲ್ವಾ?"

ಟೈಲರಮ್ಮ ಬಂದೂಕು ಕೆಳಗಿಟ್ಟು ಸೂಜಿ ಎತ್ತಿಕೊಂಡಳು. ಬಲಗಣ್ಣು ತಾನೇ ತಾನಾಗಿ ಮುಚ್ಚಿತು. ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದುದು ತನಗೇ ಗೊತ್ತಿರಲಿಲ್ಲ.

ಭಾನುವಾರ ಕೋಚ್ ಒಂದು ರಟ್ಟಿಗೆ ತೂತು ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ಗೋಡೆಗಡಿಯಾರ ನೋಡಲು, ಆಮೇಲೆ ಒಂದೊಂದೇ ಕಣ್ಣು ಮುಚ್ಚಲು ಹೇಳಿದ. ಬಲಗಣ್ಣು ಮುಚ್ಚಿದಾಗ ಗಡಿಯಾರ ಇದ್ದಲ್ಲೇ ಇತ್ತು. ಎಡಗಣ್ಣು ಮುಚ್ಚಿದೊಡನೆ ಮಾಯವಾಯಿತು. ಅವನು ತಲೆ ಕೆರೆದುಕೊಂಡ.

"ಬರೆಯೋ ಕೈ ಯಾವುದು ಅಂತ ಕೇಳಿದೆ, ನೋಡೋ ಕಣ್ಣು ಕೇಳೋದನ್ನೇ ಮರೆತೆ. ನಿಮಗೆ ಗುರಿ ಹಿಡಿಯೋದು ಎಡಗಣ್ಣು. ಬಂದೂಕು ಎಡ ಹೆಗಲಿಗೆ ಬದಲಾಯಿಸ್ಕೊಳ್ಳಿ ಮೇಡಂ. ಮೊದಲಿಂದ ಶುರು ಮಾಡಬೇಕಾಗುತ್ತೆ."

ಎಡ ತೋಳು ಬೇರೆ ಯಾರದೋ ಎಂಬಂತೆ ಮಾತೇ ಕೇಳಲಿಲ್ಲ. ಮೂರು ವಾರ ಮನೆಯಲ್ಲಿ ನಾಣ್ಯದ ಸದ್ದೇ ಸದ್ದು. ನಾಲ್ಕನೆಯ ಭಾನುವಾರ ಹೊಡೆದ ಹತ್ತು ಗುಂಡುಗಳಲ್ಲಿ ಒಂದೂ ನಡುವಿಗೆ ಬೀಳಲಿಲ್ಲ. ಎಲ್ಲವೂ ಕೆಳಗೆ ಎಡಮೂಲೆಯಲ್ಲಿ, ಹೆಬ್ಬೆರಳಿನಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ಗುಂಪುಗೂಡಿದ್ದವು. ಆಕೆಯ ಮುಖ ಸಪ್ಪಗಾಯಿತು. ಕೋಚ್ ಮಾತ್ರ ನಗುತ್ತಿದ್ದ.

"ಒಂದೇ ಕಡೆ ಬೀಳಿಸೋದು ನಿಮ್ಮ ಕೆಲಸ, ಅದಾಯ್ತು. ನಡುವಿಗೆ ತರೋದು ಈ ತಿರುಪಿನ ಕೆಲಸ," ಎಂದು ರೈಫಲ್ಲಿನ ಗುರಿಕಿಂಡಿಯ ತಿರುಪನ್ನು ಅಷ್ಟಿಷ್ಟು ತಿರುಗಿಸಿಕೊಟ್ಟ.

ಮುಂದಿನ ಗುಂಡು ಕಪ್ಪಿಗೆ ಬಿತ್ತು. ಅದರ ಮುಂದಿನದೂ.

ಮನೆಗೆ ತಂದ ಆ ಹಾಳೆಯನ್ನು ಅತ್ತೆ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, ಅಲ್ಲಿ ಹೆಸರು ಬರೆಸೋಕೆ ವಯಸ್ಸೇನಾದರೂ ಕೇಳುತ್ತಾರಾ ಎಂದು ವಿಚಾರಿಸಿದರು.