ಪ್ರಿ-ಆಂಪಿನೊಳಗೆ ಗುನುಗುವವನು

ಇಚಲಕರಂಜಿಯ ಪಾರೀಸನು ಮಗ್ಗಗಳ ಸದ್ದಿನಲ್ಲೇ ಹುಟ್ಟಿ ಬೆಳೆದವನು. ಮನೆಗೆ ಅಂಟಿಕೊಂಡೇ ಅಪ್ಪನ ಪವರ್‌ಲೂಮ್ ಶೆಡ್ಡು ಇತ್ತು. ಅಪ್ಪನ ನಂತರ ಅದು ಅವನದಾಯಿತು. ಕರೆಂಟು ಹೋಗಿ ಖಟಖಟ ನಿಂತರೆ ತೊಟ್ಟಿಲ ಕೂಸುಗಳು ಬೆಚ್ಚಿ ಅಳುವಂಥ ಓಣಿ ಅದು. ಐವತ್ತು ದಾಟಿದ ಮೇಲೆ ಅವನಿಗೆ ಒಂದು ಹುಚ್ಚು ಹತ್ತಿತು. ಹಾಡಿನ ಸುತ್ತ ಬೇರೆ ಏನೂ ಇರಬಾರದು, ಹಾಗೆ ಕೇಳಬೇಕು. ಮಹಡಿಯ ಕೋಣೆಗೆ ಎರಡು ಪದರದ ಗಾಜು ಹಾಕಿಸಿದ, ಗೋಡೆಗೆ ದಪ್ಪ ಗಾದಿ ಜಡಿಸಿದ, ಒಳ್ಳೆಯ ಸ್ಪೀಕರು, ರೆಕಾರ್ಡ್ ಪ್ಲೇಯರು ತಂದಿಟ್ಟ. ಒಂದು ಪ್ರಿ-ಆಂಪ್ ಮಾತ್ರ ಅವನ ಮನಸ್ಸಿಗೆ ಬಂದಂಥದ್ದು ಸಿಕ್ಕಿರಲಿಲ್ಲ.

ಸೂಜಿ ರೆಕಾರ್ಡಿನಿಂದ ಎತ್ತಿಕೊಡುವ ಅತಿ ಸಣ್ಣ ಸದ್ದನ್ನು ಹಿಡಿದು, ಹದ ಮಾಡಿ, ದೊಡ್ಡ ಆಂಪ್ಲಿಫೈಯರಿಗೆ ದಾಟಿಸುವ ಪೆಟ್ಟಿಗೆ ಅದು. ಅದರಲ್ಲೇ ಗೊರಗೊರ ಇದ್ದರೆ ಮುಂದೆ ಎಷ್ಟು ಖರ್ಚು ಮಾಡಿದರೂ ಗೊರಗೊರವೇ ದೊಡ್ಡದಾಗುತ್ತದೆ. ಕೊಲ್ಹಾಪುರ ಕಡೆಯ ಇಂಥ ಹುಚ್ಚರದೇ ಒಂದು ವಾಟ್ಸ್ಯಾಪ್ ಗುಂಪಿತ್ತು. ಅಲ್ಲಿ ಕೊಲ್ಹಾಪುರದ ರಾಜಾರಾಮಪುರಿಯಲ್ಲಿ ಔಷಧ ಅಂಗಡಿ ಇಟ್ಟಿದ್ದ ಹರ್ಷದ ಎಂಬವನು ತನ್ನ ವಿದೇಶಿ ಪ್ರಿ-ಆಂಪನ್ನು ಮಾರುವುದಾಗಿ ಹೇಳಿದಾಗ ದಿನವಿಡೀ ಚರ್ಚೆ ನಡೆಯಿತು. ಅದರಲ್ಲಿ ಹಳೆಯ ಗಾಜಿನ ವಾಲ್ವುಗಳಿಲ್ಲ, ಬರೀ ಟ್ರಾನ್ಸಿಸ್ಟರು, ದನಿಗೆ ಬೆಚ್ಚಗಿನ ಗುಣ ಬರುವುದಿಲ್ಲ ಎಂದು ಕೆಲವರು ಮೂಗು ಮುರಿದರು. ಬಳಸಿದವನು ಹರ್ಷದ ಒಬ್ಬನೇ. ಅವನ ಅಭಿಪ್ರಾಯ ಚಿಕ್ಕದಾಗಿತ್ತು: "ಹಾಡಿನ ಹಿಂದ ಏನಂದ್ರ ಏನೂ ಇಲ್ರಿ. ಪೂರ್ತಿ ಶಾಂತ."

ಪಾರೀಸನಿಗೆ ಅಷ್ಟೇ ಸಾಕಾಯಿತು. ಕಾರು ತೆಗೆದುಕೊಂಡು ಹೋಗಿ ತಂದ.

ಬೂದು ಬಣ್ಣದ ಅಲ್ಯುಮಿನಿಯಂ ಪೆಟ್ಟಿಗೆ, ಮುಂದೆ ತಿರುವಲು ಎರಡು ದುಂಡು ಗುಬ್ಬಿ, ಹಿಡಿದರೆ ಕೈ ಜಗ್ಗುವಷ್ಟು ಭಾರ. ಮಧ್ಯಾಹ್ನ ಊಟವಾದ ಮೇಲೆ ಜೋಡಿಸಿ, ಭೀಮಪಲಾಸದ ಒಂದು ಹಳೆಯ ರೆಕಾರ್ಡು ಹಚ್ಚಿದ. ತಂಬೂರಿಯ ತಂತಿಗಳು ಒಂದೊಂದಾಗಿ ಬೇರೆ ಬೇರೆ ಕೇಳಿದವು. ಗಾಯಕ ಬಾಯಿ ತೆರೆಯುವ ಮುಂಚೆ ತುಟಿ ಬಿಡಿಸಿದ್ದು ಕೂಡ ಕೇಳಿಸಿತು. ಪಾರೀಸನ ಕಣ್ಣಲ್ಲಿ ನೀರು ಬಂತು.

ಆಮೇಲೆ ಅವನಿಗೆ ಮತ್ತೊಂದು ಕೇಳಿಸಿತು. ಗಾಯಕನ ಹಿಂದೆ, ಅವನಿಗಿಂತ ಒಂದು ಗಳಿಗೆ ತಡವಾಗಿ, ಯಾರೋ ಗಂಡಸು ಮೂಗಿನಲ್ಲಿ ಅದೇ ರಾಗ ಗುನುಗುತ್ತಿದ್ದ. ಸ್ವರ ಅಷ್ಟೇನೂ ಸರಿಯಿರಲಿಲ್ಲ. ಮೇಲಿನ ಷಡ್ಜ ಬಂದಾಗ ಮುಟ್ಟಲಾಗದೆ ಸುಮ್ಮನಾಗುತ್ತಿದ್ದ.

ರೆಕಾರ್ಡಿಂಗಿನ ಹೊತ್ತಿನಲ್ಲಿ ಯಾವನೋ ಶಿಷ್ಯ ಗುನುಗಿರಬೇಕು ಎಂದುಕೊಂಡು ಸಾರಂಗಿಯ ರೆಕಾರ್ಡು ಹಚ್ಚಿದ. ಅಲ್ಲಿಯೂ ಅವನಿದ್ದ. ಮುನಿಗಳೊಬ್ಬರ ಪ್ರವಚನವನ್ನು ಫೋನಿನಿಂದ ಜೋಡಿಸಿ ಕೇಳಿದ. ಮಾತು ನಿಂತಲ್ಲೆಲ್ಲ ಆ ದನಿ, ಎದುರು ಕುಳಿತು ಕೇಳುವವರ ಹಾಗೆ, "ಹ್ಞೂಂ" ಎನ್ನುತ್ತಿತ್ತು.

ಪಾರೀಸ ಎಲ್ಲ ವೈರು ಕಿತ್ತುಹಾಕಿ, ಪ್ರಿ-ಆಂಪಿಗೆ ಏನೂ ಜೋಡಿಸದೆ, ದನಿಯ ಗುಬ್ಬಿಯನ್ನು ಕೊನೆಯವರೆಗೆ ತಿರುವಿದ. ಆಗ ಸ್ಪೀಕರಿನಲ್ಲಿ ಉಸಿರು ಕೇಳಿತು. ನಿಧಾನವಾಗಿ ಒಳಗೆ, ನಿಧಾನವಾಗಿ ಹೊರಗೆ. ಇನ್ನೂ ಚೆನ್ನಾಗಿ ಕೇಳಲೆಂದು ಅವನು ತನ್ನ ಉಸಿರು ಬಿಗಿಹಿಡಿದ. ಅತ್ತಲಿನ ಉಸಿರೂ ನಿಂತಿತು. ತನ್ನನ್ನು ಅದು ಆಲಿಸುತ್ತಿದೆ ಎನ್ನಿಸಿತು. ಸ್ವಿಚ್ ಆರಿಸಿ ಕೆಳಗೆ ಬಂದ.

ಮರುದಿನ ಹೆಂಡತಿ ಅಲಕಾ ಚಹಾ ತಂದಾಗ ರೆಕಾರ್ಡು ಹಚ್ಚಿ ಕೇಳಿದ. "ಹಿಂದ ಯಾರೋ ಗುನುಗಾಕತ್ತಾರ, ನಿನಗ ಕೇಳಸ್ತೈತೇನು?"

ಅಲಕಾ ಬಾಗಿಲಲ್ಲೇ ನಿಂತಳು. ಸ್ಪೀಕರು ನೋಡಿದಳು, ಗಂಡನ ಬಾಯಿ ನೋಡಿದಳು, ಮತ್ತೆ ಸ್ಪೀಕರು ನೋಡಿದಳು.

"ಕೇಳಸ್ತೈತಿ," ಎಂದಳು. "ಯಾರೋ ಇರಬೇಕ್ರಿ." ಚಹಾ ಅಲ್ಲೇ ನೆಲದ ಮೇಲೆ ಇಟ್ಟು ಇಳಿದುಹೋದಳು.

ಊರಿನಲ್ಲಿ ರೇಡಿಯೊ, ಟೀವಿ ದುರಸ್ತಿ ಮಾಡುವ ಹಾಲಸಿದ್ದನನ್ನು ಪಾರೀಸ ಕರೆಸಿದ. ಅವನು ಮುಚ್ಚಳ ಬಿಚ್ಚಿ ನೋಡಿ, ಒಳಗೆಲ್ಲ ಹೊಸದರ ಹಾಗಿದೆ, ಸಡಿಲಾದದ್ದು ಏನೂ ಇಲ್ಲ ಎಂದ. ಗುನುಗು ಕೇಳಿಸಿದಾಗ ಮಾತ್ರ ಸಾಮಾನು ಎತ್ತಿಕೊಂಡು, "ನಂದೊಂದ ಸ್ವಲ್ಪ ಕೆಲಸ ಐತ್ರಿ ಶೇಠ್," ಎಂದು ಹೊರಟ.

ಆ ವಾರವೇ ಪಾರೀಸ ಕೊಲ್ಹಾಪುರಕ್ಕೆ ಹೋದ. ಹರ್ಷದ ಅಂಗಡಿಯ ಗಿರಾಕಿಗಳನ್ನು ಕಳಿಸಿ, ಹಿಂದಿನ ಗೋದಾಮಿನಲ್ಲಿ ಅವನನ್ನು ಕೂಡ್ರಿಸಿದ.

"ಪೂರ್ತಿ ಶಾಂತ ಅಂದಿದ್ರಲ್ಲ ಹರ್ಷದಭಾವು. ಅದರಾಗ ಯಾಂವೋ ಒಬ್ಬಾಂವ ಗುನುಗತಾನ."

ಹರ್ಷದನ ಮುಖ ಇಳಿಯಿತು. "ಅಂದ್ರ ನಿಮ್ಮ ಮನ್ಯಾಗೂ ಸುರು ಆತು," ಎಂದ. "ಸುಳ್ಳ ಹೇಳಿಲ್ರಿ ನಾ. ನಾ ಮಾರೂ ಮುಂದ ಅದು ಶಾಂತನ ಇತ್ತು. ತಂದ ಹೊಸದಾಗಿ ನನಗ ಅದರಾಗ ಕೆಮ್ಮ ಕೇಳತಿತ್ತು. ನಮ್ಮ ಬಾಬಾಂದು, ನಮ್ಮಪ್ಪಂದು. ಬಾಬಾ ಹೊರಗ ಅಂಗಳದಾಗ ಬಿಸಲಿಗೆ ಕುಂತಿರ್ತಿದ್ರು, ನಾ ಕಿಟಕ್ಯಾಗಿಂದ ನೋಡ್ತಿದ್ದೆ. ಬಾಯಿ ಮುಚ್ಚಿರ್ತಿತ್ತು. ಕೆಮ್ಮ ಮಾತ್ರ ಸ್ಪೀಕರಿನ್ಯಾಗ."

"ಆಮೇಲೆ?"

"ಬಾಬಾ ಹೋದ್ರು. ಅವತ್ತಿನಿಂದ ಇಷ್ಟ ಶಾಂತ ಆತಂದ್ರ, ನನಗ ಆ ಖೋಲ್ಯಾಗ ಕುಂದ್ರಾಕ ಆಗಲಿಲ್ಲ." ಹರ್ಷದ ತಲೆಯೆತ್ತಲಿಲ್ಲ. "ನನ್ನ ಅಭಿಪ್ರಾಯ ಕೇಳ್ತೀರಿ? ಅದು ಮನಿಯಾಗಿಂದ ಒಬ್ಬರನ್ನ ಗುರ್ತ ಮಾಡ್ತೈತಿ, ಆಮೇಲೆ ಒಯ್ತೈತಿ. ಯಾರಿಗಾದ್ರೂ ಕೊಟ್ಟಬಿಡ್ರಿ. ನನಗ ಮಾತ್ರ ವಾಪಸ್ ತರಬ್ಯಾಡ್ರಿ, ಕೈ ಮುಗಿತೇನಿ."

ಅದನ್ನು ಮೊದಲು ಕೊಂಡವರು ಯಾರೆಂದು ಕೇಳಿದ್ದಕ್ಕೆ ಅವನು ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿ ಸಿದ್ದಾರೂಢರ ಹೆಸರು ಹೇಳಿದ. ಪಾರೀಸ ಮನೆಗೆ ಹೋಗಲಿಲ್ಲ. ಹಾಗೇ ಹೆದ್ದಾರಿ ಹಿಡಿದು, ನಿಪ್ಪಾಣಿ, ಸಂಕೇಶ್ವರ ದಾಟಿ, ಬಿಸಿಲು ಇರುವಾಗಲೇ ಗಡಹಿಂಗ್ಲಜ ಮುಟ್ಟಿದ.

ಸಿದ್ದಾರೂಢರು ತಮ್ಮ ಅಡತಿ ಅಂಗಡಿಯ ಮುಂದೆ ಖುರ್ಚಿ ಹಾಕಿಕೊಂಡು ಕುಳಿತಿದ್ದರು. ಬಿಳಿ ಮೀಸೆ, ಮೆಣಸಿನ ಘಾಟಿಗೆ ಸದಾ ಕೆಂಪಾದ ಕಣ್ಣು. ಪಾರೀಸ ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನನಗ ನಮ್ಮ ಮಾಯವ್ವಕ್ಕ ಕೇಳತಿದ್ಲು," ಎಂದರು. "ಸಣ್ಣಾಗಿಂದ ನನ್ನ ಜ್ವಾಕಿ ಮಾಡಿ ಬೆಳಿಸಿದಾಕಿ ಅಕಿನ. ಒಳಗ ಕುಂತು ಅಕ್ಕಿ ಹಸನ ಮಾಡತಿದ್ಲು, ಬಾಯಿ ಬಿಡತಿದ್ದಿಲ್ಲ. ಸ್ಪೀಕರಿನ್ಯಾಗ ಮಾತ್ರ ಅಕಿ ದನಿ ಹಾಡಿನ ಹಿಂದಿಂದ ಬರತಿತ್ತು. ನನಗ ಎದಿ ಒಡದಂಗಾತು. ಅಕಿ ಅಂದ್ಲು, 'ಈ ಹಿಂದ ಹಾಡಾಕಿ ಯಾರೋ ತಮ್ಮಾ? ಭಾಳ ಇಂಪ ಅದಾಳ.'"

"ಗುರ್ತ ಸಿಗಲಿಲ್ಲೇನ್ರಿ ಅವರಿಗೆ?"

"ಹೆಂಗ ಸಿಗಬೇಕ್ರಿ? ಅವರವರ ದನಿ ಅವರಿಗೆ ಒಳಗಿಂದ ಕೇಳತೈತಿ. ಹೊರಗಿಂದ ಕೇಳಿದ್ರ ಯಾರಿಗೂ ಗುರ್ತ ಹತ್ತಾಂಗಿಲ್ಲ."

ಪಾರೀಸ ನೀರಿನ ಲೋಟ ಕೆಳಗಿಟ್ಟ. ಅಲಕಾ ಬಾಗಿಲಲ್ಲಿ ನಿಂತು ತನ್ನ ಬಾಯಿಯನ್ನೇ ನೋಡಿದ್ದು ಕಣ್ಣಿಗೆ ಕಟ್ಟಿತು.

"ಆಮೇಲೆ ಅಕ್ಕ..." ಎಂದು ಅರ್ಧಕ್ಕೆ ನಿಲ್ಲಿಸಿದ.

"ಆಮೇಲೂ ಭಾಳ ವರ್ಷ ಇದ್ಲ್ರಿ. ಮುಪ್ಪಾಗಿ ಹೋದ್ಲು. ಹೋದ ಮ್ಯಾಲ ದನಿ ನಿಂತು. ಎಷ್ಟ ತಿರುವಿದ್ರೂ ಬರಲಿಲ್ಲ, ಅದಕ್ಕ ಕೊಟ್ಟೆ. ಹರ್ಷದ ಅಂತಾನ, ಅದು ಮಂದೀನ ಒಯ್ತೈತಿ ಅಂತ. ನಾ ಹಂಗ ಅನ್ನಾಂಗಿಲ್ಲ. ಅದು ಯಾರನ್ನೂ ಒಯ್ಯಾಂಗಿಲ್ಲ. ಇದ್ದವರನ್ನ ಕೇಳಸತೈತಿ, ಅಷ್ಟ."

ಕತ್ತಲಾದ ಮೇಲೆ ಮನೆ ಮುಟ್ಟಿದಾಗ ಶೆಡ್ಡಿನಲ್ಲಿ ಪಾಳಿ ಬದಲಾಗುತ್ತಿತ್ತು. ಅಲಕಾ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಾರೀಸ ಚಪ್ಪಲಿ ಬಿಚ್ಚುವ ಮೊದಲೇ ಕೇಳಿದ.

"ಅದು ನಂದ ದನಿ. ಹೌದಲ್ಲ?"

ಅಲಕಾ ಕೈಯ ಕಾಯಿ ಬುಟ್ಟಿಗೆ ಹಾಕಿದಳು. ಫೋನು ತೆಗೆದು, ಮಗಳು ಮನಾಲಿಯ ಕೂಸಿಗೆ ಹೆಸರಿಟ್ಟ ಬಾರಸೆಯ ದಿನದ ವಿಡಿಯೊ ಹಚ್ಚಿದಳು. ಹೆಂಗಸರು ತೊಟ್ಟಿಲು ತೂಗುತ್ತಿದ್ದರು. ಮೂಲೆಯಲ್ಲಿ ಪಾರೀಸ ಮೋಸಂಬಿ ಸುಲಿಯುತ್ತ, ತನ್ನ ಲಹರಿಯಲ್ಲಿ ಗುನುಗುತ್ತಿದ್ದ. ಮೂಗಿನ ದನಿ, ಒಂದು ಗಳಿಗೆ ತಡ, ಮೇಲಿನ ಸ್ವರಕ್ಕೆ ಸುಮ್ಮನಾಗುವುದು ಕೂಡ ಅದೇ.

ತಾನು ಗುನುಗುತ್ತೇನೆ ಎಂಬುದೇ ಪಾರೀಸನಿಗೆ ಗೊತ್ತಿರಲಿಲ್ಲ.

"ಲಗ್ನ ಆದಾಗಿಂದ ಕೇಳಾಕತ್ತೇನಿ ಆ ದನಿ," ಎಂದಳು ಅಲಕಾ. "ಮೊದಲನೇ ಸಲಕ್ಕ ಗುರ್ತ ಹಿಡದೆ. ನೀವು ಎದುರಿಗೆ ಸುಮ್ಮ ಕುಂತೀರಿ, ಆ ಡಬ್ಬ್ಯಾಗ ನೀವ ಹಾಡಾಕತ್ತೀರಿ. ಹೇಳಾಕ ಬಾಯಿ ಬರಲಿಲ್ರಿ ನನಗ." ಪಾರೀಸ ಅವಳ ಪಕ್ಕ ನೆಲದ ಮೇಲೆ ಕುಳಿತ. ಇಬ್ಬರೂ ಕೂಡಿ ಉಳಿದ ಕಾಯಿ ಸುಲಿದರು.

ಅವಳ ಒತ್ತಾಯಕ್ಕೆ ಅವನು ಕೊಲ್ಹಾಪುರದ ದೊಡ್ಡ ಡಾಕ್ಟರರ ಹತ್ತಿರ ಹೋಗಿ ಎದೆ, ರಕ್ತ, ಎಲ್ಲವನ್ನೂ ತೋರಿಸಿಕೊಂಡು ಬಂದ. ಯಾವ ದೋಷವೂ ಸಿಗಲಿಲ್ಲ. ಆದರೂ ಮನಸ್ಸು ನಿಲ್ಲದೆ, ಪ್ರಿ-ಆಂಪನ್ನು ಪೆಟ್ಟಿಗೆಗೆ ತುಂಬಲು ಹೋದಾಗ ಅಲಕಾ ಅಡ್ಡ ಬಂದಳು.

"ಬ್ಯಾಡ್ರಿ. ಯಾರದೋ ಮನ್ಯಾಗ ನಿಮ್ಮ ದನಿ ಹೋಗಿ ಕುಂತ್ರ?"

ಪಾರೀಸ ಅದನ್ನು ಯೋಚಿಸಿರಲಿಲ್ಲ. ಯೋಚಿಸಿದ ಮೇಲೆ ಪೆಟ್ಟಿಗೆ ಅಲ್ಲೇ ಬಿಟ್ಟ.

ಬರಬರುತ್ತ ಅಲಕಾ ತಾನೇ ಮೇಲೆ ಹೋಗಿ ಸ್ವಿಚ್ ಹಾಕತೊಡಗಿದಳು. ಗಂಡ ಪೇಟೆಗೆ ಹೋದಾಗ, ನೂಲಿನ ವ್ಯಾಪಾರಿಗಳ ಹತ್ತಿರ ಕುಳಿತಾಗ, ಅವಳು ಮಹಡಿಯಲ್ಲಿ ಅವನ ಉಸಿರು ಕೇಳುತ್ತಿದ್ದಳು. ಮೊದಲು ಅಂಜಿಕೆಯಿಂದ, ಆಮೇಲೆ ರೂಢಿಯಿಂದ. "ಫೋನ ಎತ್ತಲಿಲ್ಲಂದ್ರೂ ನನಗ ಈಗ ಚಿಂತಿ ಇಲ್ಲ," ಎಂದು ಒಂದು ಸಲ ನಕ್ಕಳು. ಪಾರೀಸನಿಗೆ ಮಾತ್ರ ನಗು ಬರಲಿಲ್ಲ. ತಾನು ದಾರಿಯಲ್ಲಿ ಎಲ್ಲಿಯೋ ಒಬ್ಬನೇ ಕುಳಿತಾಗಲೂ, ತನ್ನ ಒಂದೊಂದು ಉಸಿರೂ ಮನೆಯ ಮಹಡಿಯಲ್ಲಿ ಎರಡು ಸ್ಪೀಕರುಗಳಿಂದ ಹೊರಬರುತ್ತಿರುತ್ತದೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ.

ಒಂದು ದಿನ ಹಾತಕಣಂಗಲೆಯ ಸ್ಟೇಶನ್ನಿಗೆ ಯಾರನ್ನೋ ಬಿಟ್ಟು, ಮುಸ್ಸಂಜೆಗೆ ಮುಂಚೆಯೇ ತಿರುಗಿ ಬಂದ. ಮೇಲೆ ರೆಕಾರ್ಡು ನಡೆದಿತ್ತು. ಮೆಟ್ಟಿಲು ಹತ್ತಿ ಬಾಗಿಲು ತೆರೆಯುತ್ತಿದ್ದಂತೆ ಗಾಯಕನ ಹಿಂದೆ ತನ್ನ ಗುನುಗು ಕೇಳಿತು. ಅದರ ಜೊತೆಗೆ ಇನ್ನೊಂದು ದನಿ ಇತ್ತು. ಹೆಂಗಸಿನದು, ಮೆಲ್ಲಗೆ, ಅವನದಕ್ಕೆ ಆತುಕೊಂಡ ಹಾಗೆ.

ಅಲಕಾ ಖುರ್ಚಿಯಲ್ಲಿ ಬಾಯಿ ಮುಚ್ಚಿ, ತಿರುಗುವ ರೆಕಾರ್ಡನ್ನು ದಿಟ್ಟಿಸುತ್ತ ಕುಳಿತಿದ್ದಳು. ಅವನನ್ನು ಕಂಡದ್ದೇ, "ಇಕಿ ಯಾರ್ರೀ?" ಎಂದಳು. ದನಿಯಲ್ಲಿ ಸಣ್ಣ ಸಿಟ್ಟಿತ್ತು. "ಇವತ್ತ ಹೊಸಾಕಿ ಒಬ್ಬಾಕಿ ಬಂದಾಳ. ನಿಮ್ಮ ಜೋಡಿ ಹಾಡಾಕತ್ತಾಳ."

ಮನಾಲಿಯನ್ನು ಮಲಗಿಸುವಾಗ, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಾಗ, ವರ್ಷಗಟ್ಟಲೆ ಅವನು ಕೇಳಿದ ದನಿ. ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ.

"ನೀನ," ಎಂದ.

"ನಾನ?" ಅಲಕಾ ನಗಲು ಹೋದಳು. "ನನ್ನ ದನಿ ಹಿಂಗೈತೇನು?" ಕಿವಿಗೊಟ್ಟು ಮತ್ತೆ ಕೇಳಿದಳು. ಅವಳ ಕೈ ತಾನಾಗಿ ಗಂಟಲಿಗೆ ಹೋಯಿತು. ಅಲ್ಲಿ ಏನೂ ಅಲುಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಳು. ನಗೆ ನಿಂತಿತು.

ಪಾರೀಸ ತನ್ನ ಖುರ್ಚಿ ಎಳೆದು ಅವಳ ಖುರ್ಚಿಗೆ ಹತ್ತಿಸಿ ಕುಳಿತ. ಅವಳ ಕೈ ಹಿಡಿದುಕೊಂಡ. ಕೆಳಗೆ ಶೆಡ್ಡಿನಲ್ಲಿ ಯಾರೋ ಅವನನ್ನು ಕೂಗುತ್ತಿದ್ದರೇನೋ, ಗಾಜು ದಾಟಿ ಅದು ಬರಲಿಲ್ಲ. ಹಾಡು ಮುಗಿಯಿತು, ತಂಬೂರಿ ನಿಂತಿತು. ಅವರಿಬ್ಬರ ದನಿಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಗುನುಗಿ, ಆಮೇಲೆ ನಿಂತವು.

"ತಿರುವಿ ಹಾಕ್ರಿ," ಎಂದಳು ಅಲಕಾ. "ಆ ಕಡೀದೂ ಕೇಳೂಣು."

ಪಾರೀಸ ಎದ್ದು ರೆಕಾರ್ಡು ತಿರುವಿದ.