ಐದನೇ ಉತ್ತರ

"ಬಾಯಿ ಮುಚ್ಚು ರಂಜನಾ! ಇನ್ನೊಂದು ಕನ್ನಡ ಶಬ್ದ ಬಂದ್ರೆ ಇಬ್ಬರೂ ಹೊರಗೆ!"

ಲೀಲಾಕ್ಷಿ ಮೇಡಂ ಡಸ್ಟರನ್ನು ಮೇಜಿಗೆ ಬಡಿದರು. ಕೋಥರೂಡದ ಆ ಫ್ಲ್ಯಾಟಿನ ಹಾಲ್‌ನಲ್ಲಿ ನರ್ಸುಗಳಿಗೆ ಜರ್ಮನ್ ಕಲಿಸುವ ಕ್ಲಾಸು. ಚಪ್ಪಲಿಯ ಜೊತೆಗೆ ಮನೆಮಾತನ್ನೂ ಹೊರಗೇ ಬಿಟ್ಟು ಬರಬೇಕು. ಕುಡಿಯುವ ನೀರನ್ನೂ ಜರ್ಮನ್‌ನಲ್ಲೇ ಕೇಳಬೇಕು.

"ಮತ್ತೇನ್ ಮಾಡ್ಲಿರಿ?" ರಂಜನಾ ಎದ್ದು ನಿಂತಳು. "ನೀವು ಪೇಷಂಟ್ ಆಗಿ ಎದಿ ನೋಯ್ತದ ಅಂದ್ರಿ. ನಮ್ಮ ಯಂಕವ್ವಕ್ಕ ನಕ್ಕೋತ 'ಭಾಳ ಸಂತೋಷ' ಅಂದ್ಲು. ತಿಳೀಲಾರ್ದ ಒದರಿದ್ರ ನಾಳಿ ಇಂಟರ್‌ವ್ಯೂದಾಗ ಪಾಸಾಗ್ತಾಳೇನ್ರಿ?"

"ಅಲ್ಲಿ ವಾರ್ಡಲ್ಲಿ ಕಿವಿಯಲ್ಲಿ ಹೇಳ್ಲಿಕ್ಕೆ ನೀನಿರ್ತೀಯಾ ಮಾರಾಯ್ತಿ?" ಮೇಡಂ ಉಡುಪಿ ಕಡೆಯವರು. ಸಿಟ್ಟು ಬಂದರೆ ತಮ್ಮ ನಿಯಮ ತಮಗೇ ನೆನಪಿರುತ್ತಿರಲಿಲ್ಲ.

ಗುರುತು ಪರಿಚಯವಿಲ್ಲದ ದೇಶಕ್ಕೆ ಒಬ್ಬಳೇ ಹೋಗುವ ಧೈರ್ಯ ರಂಜನಾಳಿಗಿರಲಿಲ್ಲ. ಅದಕ್ಕೇ ತಾನಿರುವ ಆಸ್ಪತ್ರೆಯಲ್ಲೇ ದುಡಿಯುವ ಯಂಕವ್ವನನ್ನು ಕಾಡಿ ಬೇಡಿ ಕ್ಲಾಸಿಗೆ ಸೇರಿಸಿದ್ದಳು. ಯಂಕವ್ವ ಫೇಲಾದರೆ ತನ್ನದೂ ಮುಗಿಯಿತು. ಆ ಯಂಕವ್ವನೋ, ಮೇಡಂ ಎಲ್ಲರಿಗೂ ಒಂದೇ ಥರ ಬರೆದುಕೊಟ್ಟ ಇಂಟರ್‌ವ್ಯೂ ಉತ್ತರಗಳನ್ನು ಅರ್ಥ ತಿಳಿಯದೆ ಮಗಳ ಜಡೆ ಹೆಣೆಯುತ್ತ ಬಾಯಿಪಾಠ ಮಾಡುತ್ತಿದ್ದಳು.

"ಒಂದ ಸಲ ಕನ್ನಡದಾಗ ಬಿಡಿಸಿ ಹೇಳ್ತೀನ್ರಿ. ಆಮ್ಯಾಲ ಉಸಿರೆತ್ತೂದಿಲ್ಲ."

ಮೇಡಂ ಗಡಿಯಾರ ನೋಡಿದರು. "ಬೇಗ."

ರಂಜನಾ ಗೆದ್ದ ಹುರುಪಿನಲ್ಲಿ ಶುರುಮಾಡಿದಳು. ಹೆಸರು, ಕೆಲಸ, ರಾತ್ರಿ ಪಾಳಿ. ಯಂಕವ್ವನ ಮುಖ ಅರಳುತ್ತ ಹೋಯಿತು.

"ಇಷ್ಟ ಏನವಾ! ಸುಮ್ನ ಹೆದರಿ ಸತ್ತಿದ್ನಲ್ಲ!"

"ಐದನೇದು," ರಂಜನಾ ಅದೇ ವೇಗದಲ್ಲಿ ಹೇಳಿದಳು. "ನನಗ ಮಕ್ಕಳಿಲ್ಲ. ಮನ್ಯಾಗ ನನ್ನ ದಾರಿ ನೋಡೋರು ಯಾರೂ ಇಲ್ಲ. ಎಷ್ಟು ವರ್ಷ ಇರು ಅಂದ್ರೂ ಇರ್ತೀನಿ." ಲಗ್ನವಾಗದ ಅವಳಿಗೆ ಆ ಮಾತು ಎಂದೂ ಚುಚ್ಚಿರಲಿಲ್ಲ.

ಯಂಕವ್ವನ ನಗು ನಿಂತಿತು. "ಇನ್ನೊಮ್ಮೆ ಹೇಳು."

ರಂಜನಾ ಮೇಡಂ ಕಡೆ ನೋಡಿದಳು.

"ಅದು ಸುಮ್ಮನೆ ಹೇಳ್ಲಿಕ್ಕೆ," ಮೇಡಂ ದನಿ ಇಳಿಸಿದರು. "ಮಕ್ಕಳಿದ್ದಾರೆ ಅಂದ್ರೆ ಅಲ್ಲಿಯವರು ಕೆಲಸ ಕೊಡ್ಲಿಕ್ಕೆ ಹಿಂದೆಮುಂದೆ ನೋಡ್ತಾರೆ."

"ಜಡಿ ಹಾಕೋವಾಗ ಮಗಳೂ ನನ್ನ ಕೂಡ ಹೇಳ್ತಾಳ್ರಿ," ಎಂದಳು ಯಂಕವ್ವ. "ಐದನೇದು ನನಗಿಂತ ಚಲೋ ಹೇಳ್ತಾಳ. ಭೇಷ್ ಅಂತ ಮುದ್ದು ಕೊಟ್ಟೀನ್ರಿ."

ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟಳು.

"ಅಕ್ಕಾ, ನಾಳಿ ಇಂಟರ್‌ವ್ಯೂ!" ರಂಜನಾ ಬಾಗಿಲಿಗೆ ಓಡಿದಳು. ಯಂಕವ್ವ ಲಿಫ್ಟಿಗೂ ಕಾಯಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಒಂದಿಷ್ಟು ಕೇಳಿತು, ಆಮೇಲೆ ಅದೂ ಇಲ್ಲ.

ಮರುದಿನ ಅದೇ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಪರದೆಯ ಮೇಲಿನ ಜರ್ಮನ್ ಹೆಂಗಸು ಒಂದೊಂದೇ ಪ್ರಶ್ನೆ ಕೇಳಿದಳು. ರಂಜನಾ ಪಟಪಟನೆ ಉತ್ತರಿಸಿದಳು. ಐದನೆಯದು ಬಂತು. ಅವಳು ಪಕ್ಕದ ಖಾಲಿ ಕುರ್ಚಿ ನೋಡಿದಳು, ಬಾಗಿಲು ನೋಡಿದಳು. ಮೂಲೆಯಲ್ಲಿ ಕುಳಿತ ಮೇಡಂ ಸದ್ದಿಲ್ಲದೆ ತುಟಿ ಆಡಿಸಿ ಉತ್ತರ ನೆನಪಿಸುತ್ತಿದ್ದರು.

ರಂಜನಾ ಉತ್ತರದ ಬದಲು ಜರ್ಮನ್‌ನಲ್ಲಿ ಒಂದು ಲೋಟ ನೀರು ಕೇಳಿದಳು.